ಪಕ್ಕದ ಮಂಚದಲ್ಲಿ ಅತ್ತೆ

ಅತ್ತೆಗೆ ಬುದ್ಧಿ ಕೆಟ್ಟ ಮೊದಲ ದಿನ ನಾವು ಅವರಿಗೆ ಮಜ್ಜಿಗೆ ಕುಡಿಸಿ ಮಲಗಿಸಿದೆವು. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕೊರೊನಾ ಬಂದ ಮೊದಲ ವರ್ಷ, ಹೊಗೆಸೊಪ್ಪು ಮುರಿಯುವ ಕಾಲ. ನಮ್ಮದು ಬೆಟ್ಟದಪುರದ ಕಡೆಯ ಹಳ್ಳಿ. ಮಳೆಯಲ್ಲಿ ಒದ್ದೆ ಸೊಪ್ಪು ಮುರಿದು ಹೊತ್ತು ತಂದರೆ ಅದರ ರಸ ಮೈಗೆ ಹತ್ತಿ ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ, ಕೆಲವರು ಏನೇನೋ ಬಡಬಡಿಸುವುದೂ ಉಂಟು. ಇದಕ್ಕೆಲ್ಲ ನಮ್ಮಲ್ಲಿ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ. ಮೈ ತೊಳೆದು ಮಜ್ಜಿಗೆ ಕುಡಿದು ಮಲಗಿದರೆ ಮಾರನೆಯ ದಿನಕ್ಕೆ ಸರಿಹೋಗುತ್ತದೆ. ಹಾಗಾಗಿ ಸೊಪ್ಪು ಕಟ್ಟುತ್ತ ಕುಳಿತಿದ್ದ ಅತ್ತೆ, ಯಾವತ್ತೋ ತೀರಿಹೋದ ಮಾವನವರನ್ನು "ಉಣ್ಣಾಕ್ ಕರಿಯೇ" ಎಂದಾಗ ನಾನು ನಕ್ಕುಬಿಟ್ಟೆ. "ಅತ್ತೆಗೆ ಸೊಪ್ಪು ತಲೆಗೇರ್ಬುಟ್ಟದೆ ಕಣ್ರೀ" ಎಂದು ಯಜಮಾನರಿಗೆ ಹೇಳಿದೆ. ಅವರೂ ನಕ್ಕರು. ಎರಡನೆಯ ದಿನ ಜ್ವರ ಬಂತು. ಮೂರನೆಯ ದಿನ ಕುಳಿತಲ್ಲೇ ಏದುಸಿರು ಬಿಡತೊಡಗಿದಾಗ, ಸೊಪ್ಪು ಹೀಗೆ ಮಾಡುವುದಿಲ್ಲ ಎಂದು ಹೊಳೆಯಿತು.

ಪರೀಕ್ಷೆ ಮಾಡಿಸಿದರೆ ಅತ್ತೆಗೂ ನನಗೂ ಕೊರೊನಾ. ಯಜಮಾನರಿಗೆ ಇರಲಿಲ್ಲ, ಅವರು ಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆ ಕಾಯುತ್ತ ಊರಲ್ಲೇ ಉಳಿದರು. ನಮ್ಮಿಬ್ಬರನ್ನೂ ಒಂದೇ ಆಂಬುಲೆನ್ಸಿನಲ್ಲಿ ಮೈಸೂರಿಗೆ ಕರೆದೊಯ್ದು ಒಂದೇ ವಾರ್ಡಿನಲ್ಲಿ, ಅಕ್ಕಪಕ್ಕದ ಮಂಚಗಳಲ್ಲಿ ಹಾಕಿದರು. ಮನೆಯಲ್ಲಿ ಒಂದು ಅಡುಗೆಮನೆಯನ್ನೂ ಹಂಚಿಕೊಳ್ಳಲಾರದವರು ನಾವು. ನನಗೆ ಸಣ್ಣ ಜ್ವರ, ಮೈಕೈ ನೋವು ಅಷ್ಟೆ. ಮೂಗಿಗೆ ಮಾತ್ರ ಯಾವ ವಾಸನೆಯೂ ಹತ್ತುತ್ತಿರಲಿಲ್ಲ, ಫಿನಾಯಿಲಿನದು ಕೂಡ.

ಅತ್ತೆಗೆ ಮುಖವಾಡದಂಥದ್ದು ಹಾಕಿ ಆಕ್ಸಿಜನ್ ಕೊಟ್ಟರು. ಉಸಿರು ಸ್ವಲ್ಪ ತಹಬಂದಿಗೆ ಬಂತು, ತಲೆ ಬರಲಿಲ್ಲ. ಅವರ ಕೈ ಸುಮ್ಮನಿರುತ್ತಿರಲಿಲ್ಲ. ಬ್ಯಾರನ್ನಿನಲ್ಲಿ ತೂಗುಹಾಕುವ ಕಡ್ಡಿಯ ಈ ಬದಿಗೆ ಮೂರೆಲೆ, ಆ ಬದಿಗೆ ಮೂರೆಲೆ ಹಿಡಿದು, ದಾರ ಸುತ್ತಿ ಬಿಗಿಯುವುದು ನಮ್ಮ ಹೆಂಗಸರ ಕೆಲಸ. ಅದನ್ನೇ ಅವರು ಹೊದಿಕೆಯ ಅಂಚಿನಲ್ಲಿ ಮಾಡುತ್ತಿದ್ದರು. ಹೊದಿಕೆ ಸಾಲದಾದಾಗ ಆಕ್ಸಿಜನ್ನಿನ ನಳಿಗೆಗೆ ಕೈ ಹೋಗುತ್ತಿತ್ತು. ಅದನ್ನು ದಾರವೆಂದು ತಿಳಿದು ಸರಕ್ಕನೆ ಎಳೆದರೆ ಮುಖವಾಡ ಕಿತ್ತು ಬರುತ್ತಿತ್ತು, ಯಂತ್ರ ಕೂಗಿಕೊಳ್ಳುತ್ತಿತ್ತು. "ನಾನು ನಿಮ್ ಸೊಸೆ ಕಣತ್ತೆ, ಇದು ಆಸ್ಪತ್ರೆ" ಎಂದು ಕೈ ಹಿಡಿದರೆ ಗಾಬರಿಯಿಂದ ಇನ್ನೂ ಜೋರಾಗಿ ಎಳೆಯುತ್ತಿದ್ದರು.

"ಹೀಗೇ ಆದ್ರೆ ಅಜ್ಜಿ ಕೈ ಕಟ್ಟಿಹಾಕ್ಬೇಕಾಗುತ್ತೆ ಅಮ್ಮ" ಎಂದರು ನರ್ಸು. ಆ ಮಾತಿಗೆ ನನ್ನ ಜೀವ ಹಾರಿಹೋಯಿತು. ಇನ್ನೊಂದು ಸಲ ಕಿತ್ತರೆ ಅತ್ತೆ ಉಳಿಯುವುದಿಲ್ಲ, ಕೈ ಕಟ್ಟಿದರೂ ಕೊಸರಾಡಿಯೇ ಸಾಯುತ್ತಾರೆ ಎಂದು ಅನಿಸಿತು. ದಾರಕ್ಕೆಂದು ನರ್ಸಿನ ಹತ್ತಿರ ಬ್ಯಾಂಡೇಜು ಬಟ್ಟೆಯ ಸುರುಳಿ ಕೇಳಿ ತೆಗೆದುಕೊಂಡೆ. ಟವೆಲನ್ನು ಉದ್ದಕ್ಕೆ ಸುತ್ತಿ ಕಡ್ಡಿಯಂತೆ ಅವರ ಮಡಿಲಲ್ಲಿಟ್ಟೆ. ಹಳೆಯ ಪೇಪರು ಹರಿದು ಮೂರು ಮೂರು ಚೂರು ಕೈಗೆ ಕೊಟ್ಟೆ. ಕಟ್ಟತೊಡಗಿದರು. ನಳಿಗೆಯ ನೆನಪೇ ಹೋಯಿತು. ಕಟ್ಟಿ ಮುಗಿದ ಟವೆಲನ್ನು ಬಿಚ್ಚಿ ಮತ್ತೆ ಕೊಡುತ್ತಿದ್ದೆ.

ಡಾಕ್ಟರಮ್ಮ ಬೆಳಿಗ್ಗೆ ಬಂದಾಗ, "ಅಜ್ಜಿ, ಇವರು ಯಾರು?" ಎಂದು ನನ್ನನ್ನು ತೋರಿಸಿ ಕೇಳಿದರು.

"ಸೊಪ್ ಕಟ್ಟಾಕ್ ಬಂದವ್ಳೆ. ಕೂಲಿಯವ್ಳು."

ಈ ಕಾಯಿಲೆ ಬರೀ ಶ್ವಾಸಕೋಶದ್ದಲ್ಲ, ಕೆಲವರಿಗೆ ಮಿದುಳಿಗೂ ತೊಂದರೆ ಕೊಡುತ್ತದೆ, ವಯಸ್ಸಾದವರಲ್ಲಿ ಹೀಗೆ ಗೊಂದಲವಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ಸರಿಹೋಗಬಹುದು, ಆದರೆ ಯಾವಾಗ, ಎಷ್ಟು ಎಂದು ಈಗಲೇ ಹೇಳಲಾಗದು ಎಂದರು. ನಾನು ನನ್ನ ಮೂಗಿನ ವಿಚಾರ ಕೇಳಿದೆ. "ಅದೂ ನರಕ್ಕೆ ಸಂಬಂಧಪಟ್ಟಿದ್ದೇ. ಹೆದರ್ಬೇಡಿ" ಎಂದು ಮುಂದಿನ ಮಂಚಕ್ಕೆ ಹೋದರು.

ಹೆದರಬೇಡಿ ಎಂದರೆ ಹೆದರದೆ ಇರಲು ನಾನೇನು ಕಲ್ಲೇ? ಮೂಗಿಗೂ ಮಿದುಳಿಗೂ ಎಷ್ಟು ದೂರ? ಅತ್ತೆಗೆ ಬಂದದ್ದೇ ನನಗೂ ಬಂದಿದೆ, ನನಗಿನ್ನೂ ಮೂಗಿನಲ್ಲಿದೆ, ನಾಳೆ ಮೇಲೇರುತ್ತದೆ ಎಂದು ಲೆಕ್ಕ ಹಾಕಿದೆ. ಮಕ್ಕಳ ಹೆಸರು, ಅವರು ಹುಟ್ಟಿದ ವಾರ, ತವರಿನ ಹಸುಗಳ ಬಣ್ಣ ಎಲ್ಲವನ್ನೂ ಮನಸ್ಸಿನಲ್ಲೇ ಹೇಳಿಕೊಂಡೆ. ಹದಿಮೂರರ ಮಗ್ಗಿ ಹೇಳಿಕೊಳ್ಳುತ್ತ ಏಳಕ್ಕೆ ಬಂದು ಸಿಕ್ಕಿಕೊಂಡಾಗ ಮೈಯೆಲ್ಲ ಬೆವೆತುಹೋಯಿತು. ಶಾಲೆಯಲ್ಲೂ ಅಲ್ಲೇ ಸಿಕ್ಕಿಕೊಂಡು ಏಟು ತಿನ್ನುತ್ತಿದ್ದೆ ಎಂಬುದು ಆಗ ಹೊಳೆಯಲಿಲ್ಲ.

ಆಸ್ಪತ್ರೆ ಸೇರಿದ ನಾಲ್ಕನೆಯ ದಿನ ಅತ್ತೆ ಕಟ್ಟುತ್ತಲೇ ಮಾತಿಗಿಳಿದರು. "ಯಾವೂರವ್ವಾ ನಿಂದು?"

ನನ್ನನ್ನು ಅಷ್ಟು ಅಕ್ಕರೆಯಿಂದ ಅವರು ಮಾತಾಡಿಸಿದ್ದೇ ಇಲ್ಲ. ಹುಣಸೂರಿನ ಕಡೆ ಎಂದೆ.

"ನನ್ ಸೊಸೆನೂವೆ ಆ ಕಡೆಯವ್ಳೇ ಕಣವ್ವ. ಮೆಲ್ಲುಕ್ಕೆ ಮಾತಾಡು, ಬಂದ್ಬುಟ್ಟಾಳು."

ನಾನೇ ನಿಮ್ಮ ಸೊಸೆ ಎಂದು ಆಗ ಹೇಳಬಹುದಿತ್ತು. ಆವತ್ತು ಅವರು ಶಾಂತವಾಗಿದ್ದರು. ಹೇಳಲಿಲ್ಲ. ನನ್ನ ಬಗ್ಗೆ ಏನು ಹೇಳುತ್ತಾರೋ ಕೇಳುವ ಚಪಲ. "ಯಾಕವ್ವ, ಕೆಟ್ಟವಳಾ?" ಎಂದೆ.

"ಕೆಟ್ಟವ್ಳಲ್ಲ. ಅವ್ಳ ಕಂಡ್ರೆ ನಂಗೆ ಭಯ. ನಾನ್ ಕಟ್ಟಿದ್ ಕಡ್ಡೀನೆಲ್ಲ ನಾನ್ ಅತ್ಲಾಗೋದ್ಮೇಲೆ ಬಿಚ್ಚಿ ಮತ್ತೆ ಕಟ್ತಾಳೆ. ನಂಗೊತ್ತಿಲ್ಲ ಅನ್ಕಂಡವ್ಳೆ. ಇವತ್ತು ಕಡ್ಡಿ ಬ್ಯಾಡ ಅಂದೋಳು ನಾಳಿಕೆ ನನ್ನೇ ಬ್ಯಾಡ ಅಂತಾಳೆ."

"ನೀವೇ ಸೊಸೇನ ಕೇಳ್ಬೌದಿತ್ತಲ್ಲ?"

"ಕೇಳಿದ್ರೆ, ನನ್ ಕೈಲಿ ಆಗಲ್ಲ ಅಂತ ಒಪ್ಕಂಡಂಗಾಗಲ್ವಾ?"

ಅವರು ಹೇಳಿದ್ದು ನಿಜ. ಎರಡು ವರ್ಷದಿಂದ ಅವರ ಬೆರಳಿನ ಬಿಗಿ ಹೋಗಿತ್ತು. ಗಂಟು ಸಡಿಲವಾದರೆ ಬ್ಯಾರನ್ನಿನೊಳಗೆ ಒಣಗಿದ ಸೊಪ್ಪು ಜಾರಿ ಕಾದ ಕೊಳವೆಯ ಮೇಲೆ ಬೀಳುತ್ತದೆ, ಇಡೀ ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ. ಬಾಯಿಬಿಟ್ಟು ಹೇಳಿದರೆ ನೊಂದುಕೊಳ್ಳುತ್ತಾರೆಂದು ಕದ್ದು ಬಿಚ್ಚಿ ಕಟ್ಟುತ್ತಿದ್ದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. ನನ್ನ ಕೈಯಲ್ಲಿ ಆಗತಾನೆ ಬಿಚ್ಚಿದ ಟವೆಲು ಇತ್ತು.

ನನ್ನನ್ನು ಮೊದಲು ಮನೆಗೆ ಕಳಿಸಿದರು. ಆ ಹೊತ್ತಿಗೂ ಅತ್ತೆಗೆ ನನ್ನ ಗುರುತಿರಲಿಲ್ಲ. ಊರಿಗೆ ಬಂದ ಮೇಲೆ ಊಟ ಸೇರಲಿಲ್ಲ. ಪ್ರಾಣ ಉಳಿದು ಬುದ್ಧಿ ಬಾರದೆ ಹೋದರೆ, ಸಾಯುವವರೆಗೂ ನನ್ನನ್ನು ಯಾರೋ ಎಂದುಕೊಂಡೇ ನನಗೆ ಹೆದರುತ್ತಿದ್ದರೆ ಏನು ಗತಿ ಎಂಬುದೇ ಯೋಚನೆ. ಮತ್ತೊಂದು ವಾರಕ್ಕೆ ಯಜಮಾನರು ಅವರನ್ನು ಕರೆತಂದರು. ಕಾರಿನಿಂದ ಇಳಿದು ನನ್ನ ಮುಖ ನೋಡಿ, "ಇದೇನೇ ಇಂಗ್ ಸೊರಗೋಗಿದ್ದೀಯ?" ಎಂದರು. ನಾನು ಅಲ್ಲೇ ಗೊಳೋ ಎಂದು ಅತ್ತುಬಿಟ್ಟೆ.

ಎರಡು ದಿನ ಕಳೆದು, ಅವರ ತಲೆ ಬಾಚುತ್ತಿದ್ದಾಗ ಇದ್ದಕ್ಕಿದ್ದಂತೆ ಹೇಳಿದರು, "ಆಸ್ಪತ್ರೇಲಿ ಒಬ್ಳು ಎಂಗಸು ಇದ್ಲು ಕಣೇ. ನಿಮ್ ಕಡೆಯವ್ಳೇ. ಪಾಪ, ನನ್ ಪಕ್ಕ ಬುಟ್ಟು ಏಳ್ತಿರ್ಲಿಲ್ಲ. ನೀನು ಒಂದಿನಾನಾದ್ರೂ ಬಂದು ನೋಡ್ದ್ಯಾ?"

ನನಗೆ ಸಿಟ್ಟು ನೆತ್ತಿಗೇರಿತು. "ಅದು ನಾನೇ ಕಣತ್ತೆ!" ಎಂದುಬಿಟ್ಟೆ.

ಅವರು ಹೊರಳಿ ನೋಡಿದರು. "ಅಂಗಾರೆ ನಾನ್ ನಿನ್ನತ್ರ ಏನೇನ್ ಏಳ್ದೆ?" ಎಂದರು.

"ಸೊಸೆ ಒಳ್ಳೇವ್ಳು ಅಂದ್ರಿ."

"ಅಂಗಂದ್ನಾ? ಅಂಗಾರೆ ಬುದ್ಧಿ ಪೂರಾನೇ ಕೆಟ್ಟಿತ್ತು ಬುಡು."

ನಾನು ನಕ್ಕೆ. ಅವರು ನಗಲಿಲ್ಲ. ಬಾಚಣಿಗೆ ಹಿಡಿದ ನನ್ನ ಕೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಇನ್ನೊಂದ್ ಕಿತ ನಂಗಂಗಾದ್ರೆ, ನೀನ್ಯಾರು ಅಂತ ಏಳ್ಬುಡು ಕಣೇ. ಸುಮ್ಕೆ ಕೇಳುಸ್ಕಂಡ್ ಕೂತ್ಕಬ್ಯಾಡ."

ಹೇಳ್ತೀನಿ ಅತ್ತೆ ಎಂದೆ. ಅವರು ಕೈ ಬಿಡಲಿಲ್ಲ.