ಬೀಬಮ್ಮನ ಒಂದೇ ಫೋಟೊ

ನಮ್ಮ ಪಾಲಹಳ್ಳಿ ಹೆಂಗಸರ ಕೈಯನ್ನೆಲ್ಲ ಹಿಡಿದು ನೋಡಿದವರು ಇಬ್ಬರೇ. ಸೂಜಿ ಚುಚ್ಚುವ ನರ್ಸಮ್ಮ, ಬಳೆ ತೊಡಿಸುವ ಬೀಬಮ್ಮ. ನರ್ಸಮ್ಮನನ್ನು ಕಂಡರೆ ಕೈ ಬೆನ್ನ ಹಿಂದೆ ಹೋಗುತ್ತಿತ್ತು, ಬೀಬಮ್ಮನನ್ನು ಕಂಡರೆ ತಾನಾಗಿ ಮುಂದೆ ಬರುತ್ತಿತ್ತು. ಪೂರ್ತಿ ಹೆಸರು ಬೀಬಿಜಾನ್, ಮನೆ ಶ್ರೀರಂಗಪಟ್ಟಣದ ಕೋಟೆಯೊಳಗೆ. ಕಪ್ಪು ಬುರ್ಖಾ ತೊಟ್ಟು, ಬಳೆ ಮಲಾರ ಹೆಗಲಿಗೇರಿಸಿ ಬಸ್ಸಿಳಿದರೆಂದರೆ ಬೀದಿಗೆಲ್ಲ ಹಬ್ಬ. ಜಗುಲಿಯಲ್ಲಿ ಕೂತು ಬೆರಳಗೆಣ್ಣನ್ನು ನಾದಿ ನಾದಿ, ಚಿಕ್ಕ ಅಳತೆಯ ಗಾಜಿನ ಬಳೆಯನ್ನೂ ನೋವಿಲ್ಲದೆ ಏರಿಸುತ್ತಿದ್ದರು. ಎದುರು ಕೂತವಳ ಮುಖವನ್ನು ಮಾತ್ರ ನೋಡುತ್ತಿರಲಿಲ್ಲ.

"ಮುಖ ಕಟ್ಕೊಂಡು ನಂಗೇನಾಗ್ಬೇಕವ್ವ, ಕೈ ಕೊಡು" ಎನ್ನುತ್ತಿದ್ದರು.

ಅವರ ಮೊಮ್ಮಗಳು ಸಮ್ರೀನ್ ನನ್ನ ಗೆಳತಿ. ಇಬ್ಬರೂ ಒಂದೇ ಕಾಲೇಜು, ಒಂದೇ ತರಗತಿ. ಪತ್ರಿಕೋದ್ಯಮದ ಜೊತೆ ಫೋಟೊಗ್ರಫಿಯೂ ಒಂದು ಪೇಪರು. ಕಾಲೇಜಿಗೆ ಇದ್ದದ್ದು ಒಂದೇ ಒಳ್ಳೆ ಕ್ಯಾಮೆರಾ, ಸರದಿಯ ಮೇಲೆ ನಮ್ಮ ಕೈಗೆ ಬರುತ್ತಿತ್ತು.

ಪಾಠ ಹೇಳುತ್ತಿದ್ದ ಮಂಜುನಾಥ ಮೇಷ್ಟ್ರಿಗೆ ಕೊಕ್ಕರೆಗಳ ಹುಚ್ಚು. ಹೊಳೆದಂಡೆಗೆ ಕರೆದುಕೊಂಡು ಹೋಗಿ ಕೊಕ್ಕರೆ ತೋರಿಸಿಯೇ ಎಲ್ಲವನ್ನೂ ಕಲಿಸಿದರು. ಮುಖವನ್ನು ಚೌಕಟ್ಟಿನ ನಡುಮಧ್ಯೆ ಇಡಬೇಡಿ, ಅದು ನೋಡುವ ಕಡೆಗೆ ಒಂದಿಷ್ಟು ಜಾಗ ಬಿಡಿ ಅಂತ ಹೇಳಿಕೊಟ್ಟಿದ್ದೂ ಕೊಕ್ಕರೆಯಲ್ಲೇ. ಬೆಳಕಿನ ಪಾಠವೂ ಅದರಲ್ಲೇ.

"ಕ್ಯಾಮೆರಾ ಪೆದ್ದು ಕಣ್ರಮ್ಮ. ಬಿಳೀದು ಕಂಡ್ರೂ ಬೂದಿ ಬಣ್ಣ ಮಾಡುತ್ತೆ, ಕರೀದು ಕಂಡ್ರೂ ಬೂದಿ ಬಣ್ಣ ಮಾಡುತ್ತೆ. ಚೌಕಟ್ಟು ತುಂಬ ಬಿಳಿ ಇದ್ರೆ ಈ ಗಾಲಿ ತಿರುಗಿಸಿ ಬೆಳಕು ಏರಿಸಿ. ಕಪ್ಪಿದ್ರೆ ಇಳಿಸಿ."

ಏರಿಸುವುದನ್ನು ನಾವು ನೂರಾರು ಸಲ ಮಾಡಿದೆವು. ಇಳಿಸುವುದನ್ನು ಒಂದು ಸಲವೂ ಮಾಡಲಿಲ್ಲ. ಕಾವೇರಿ ದಡದಲ್ಲಿ ಕೊಕ್ಕರೆ ಬಿಟ್ಟು ಕಾಗೆಯ ಫೋಟೊ ತೆಗೆಯುವ ಹುಚ್ಚರು ಯಾರಿದ್ದಾರೆ?

ಸಮ್ರೀನ್‌ಗೆ ಕೊಕ್ಕರೆ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಅವಳು ಈ ಪೇಪರು ತೆಗೆದುಕೊಂಡದ್ದೇ ದಾದಿಯ ಮುಖಕ್ಕಾಗಿ; ಅಜ್ಜಿ ಬೀಬಮ್ಮನನ್ನು ಅವಳು ಕರೆಯುತ್ತಿದ್ದದ್ದು ಹಾಗೆ. ಅವಳು ಹಾಲು ಕುಡಿಯುವ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಿದ್ದರು. ಅವರದ್ದೊಂದು ಫೋಟೊ ಕೂಡ ಇಲ್ಲ. ತಸವೀರು ಇರುವ ಮನೆಗೆ ಫರಿಶ್ತೆಗಳು, ಅಂದರೆ ದೇವದೂತರು, ಬರುವುದಿಲ್ಲ ಎಂಬುದು ದಾದಿಯ ನಂಬಿಕೆ. ಅಮ್ಮಿ ಹೇಗಿದ್ದಳು ಅಂತ ಕೇಳಿದಾಗೆಲ್ಲ "ಕನ್ನಡಿ ನೋಡ್ಕೊ" ಅನ್ನುತ್ತಿದ್ದರಂತೆ.

"ಅಮ್ಮೀನ ಕನ್ನಡೀಲಿ ಹುಡುಕ್ದೆ ಕಣೆ ಸುಮ. ದಾದೀನೂ ಅಂಗೇ ಹುಡುಕಕ್ಕಾಗಲ್ಲ" ಎಂದಿದ್ದಳು ನನಗೆ. ಆಧಾರ್ ಕಾರ್ಡಿನ ಫೋಟೊ ಒಂದಿತ್ತು. ಅದರಲ್ಲಿ ದಾದಿ ಯಾರದೋ ಕೋಳಿ ಕದ್ದು ಸಿಕ್ಕಿಬಿದ್ದವರ ಹಾಗಿದ್ದರು.

ಹೋದ ವರ್ಷ ಬೀಬಮ್ಮನ ಎದೆ ನೋವು ಜಾಸ್ತಿಯಾಯಿತು. ಮಲಾರ ಮೂಲೆ ಸೇರಿತು. ಸಮ್ರೀನ್ ಹಗಲೂ ರಾತ್ರಿ ಬೆನ್ನು ಬಿದ್ದಳು. ಕೊನೆಗೆ ಮುದುಕಿ ಒಪ್ಪಿದರು. ಅವತ್ತು ನಾನೂ ಅಲ್ಲಿದ್ದೆ, ಅದಕ್ಕೇ ಕನ್ನಡದಲ್ಲಿ ಹೇಳಿದರು.

"ಒಂದೇ ಕಿತ ಒತ್ತು. ಗ್ವಾಡೆಗೆ ಹಾಕ್ಬಾರ್ದು. ನಂಗೆ ತೋರಿಸ್ಲೂಬಾರ್ದು."

ಬುರ್ಖಾ ತೊಟ್ಟೇ ಬಾಗಿಲ ಬಳಿ ಕೂತು ಮುಖದ ಪರದೆ ಎತ್ತಿದರು. ಮಧ್ಯಾಹ್ನದ ಬಿಸಿಲು ನೇರ ಮುಖಕ್ಕೆ ಬೀಳುತ್ತಿತ್ತು, ಕೈಗಳು ಮಡಿಲ ನೆರಳಲ್ಲಿದ್ದವು. ಸಮ್ರೀನ್ ಮುಖವನ್ನು ಪಕ್ಕಕ್ಕೆ ಸರಿಸಿದಳು, ದಾದಿ ನೋಡುತ್ತಿದ್ದ ಬೀದಿಯ ಕಡೆ ಜಾಗ ಬಿಟ್ಟಳು. ಎಲ್ಲ ಮೇಷ್ಟ್ರು ಹೇಳಿದಂತೆಯೇ. ಚೌಕಟ್ಟಿನ ತುಂಬ ಕಪ್ಪು ಬಟ್ಟೆ. ಅವಳ ಹೆಬ್ಬೆರಳು ಅಭ್ಯಾಸಬಲದಲ್ಲಿ ಗಾಲಿಯನ್ನು ಏರಿಸುವ ಕಡೆಗೆ ತಿರುಗಿಸಿತು. ಕಪ್ಪನ್ನು ಬೂದಿ ಮಾಡಲು ಕ್ಯಾಮೆರಾ ಆಗಲೇ ಬೆಳಕು ಹೆಚ್ಚಿಸಿತ್ತು. ಅದರ ಮೇಲೆ ಇವಳದ್ದೂ ಸೇರಿತು.

ಕ್ಲಿಕ್ ಅನ್ನುತ್ತಲೇ ಬೀಬಮ್ಮ ಪರದೆ ಇಳಿಸಿಬಿಟ್ಟರು.

ಸಮ್ರೀನ್ ಕ್ಯಾಮೆರಾ ಪರದೆಗೆ ಕೈ ಮರೆ ಮಾಡಿಕೊಂಡು ನೋಡಿದಳು. ಅವಳ ಮುಖ ಕಂಡೇ ನನಗೆ ಗೊತ್ತಾಯಿತು.

"ಬಂತಾ?" ಎಂದರು ದಾದಿ.

"ಬಂತು ದಾದಿ. ಚೆನ್ನಾಗಿ ಬಂತು."

ಆ ಸುಳ್ಳನ್ನು ಯಾಕೆ ಹೇಳಿದಳೋ. ನೋವಿನಲ್ಲಿ ಕೂತಿದ್ದವರನ್ನು ಕಂಡು ಬಾಯಿಗೆ ಬಂದಿರಬೇಕು. ಬೀಬಮ್ಮ ಸಮಾಧಾನದಿಂದ ಉಸಿರು ಬಿಟ್ಟು, "ಆಯ್ತಲ್ಲ, ಇನ್ನು ಕೇಳ್ಬೇಡ" ಎಂದರು. ಚೆನ್ನಾಗಿ ಬಂದ ಮೇಲೆ ಇನ್ನೊಂದು ಕೇಳುವುದು ಹೇಗೆ?

ಮಾರನೆಯ ದಿನ ಮೇಷ್ಟ್ರು ಕಂಪ್ಯೂಟರಿನಲ್ಲಿ ಬಹಳ ಹೊತ್ತು ಎಳೆದಾಡಿದರು. ಬುರ್ಖಾದ ಒಂದೊಂದು ನೂಲೂ ಕಾಣುತ್ತಿತ್ತು. ಮುಖವಿದ್ದ ಜಾಗದಲ್ಲಿ ಬರೀ ಬಿಳಿ. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. "ಕತ್ತಲಲ್ಲಿ ಮುಳುಗಿದ್ರೆ ಒಂಚೂರು ಎತ್ತಬಹುದಮ್ಮ. ಸುಟ್ಟು ಹೋದ್ರೆ ಎತ್ತೋಕೆ ಅಲ್ಲಿ ಏನೂ ಇರಲ್ಲ" ಎಂದರು. ಆಮೇಲೆ ಮೇಷ್ಟ್ರ ಬುದ್ಧಿ ತೋರಿಸಿದರು: "ಕಾಂಪೊಸಿಷನ್ ಮಾತ್ರ ಬೊಂಬಾಟ್." ನನಗೆ ಅವರ ಕನ್ನಡಕ ಕಿತ್ತು ಹೊಳೆಗೆ ಎಸೆಯುವಷ್ಟು ಸಿಟ್ಟು ಬಂತು.

ಬರುವ ತಿಂಗಳ ಹಬ್ಬ ಕಳೆಯಲಿ, ನಿಜ ಹೇಳಿ ಕಾಲು ಹಿಡಿದಾದರೂ ಇನ್ನೊಂದು ತೆಗೆಯುತ್ತೇನೆ ಅಂದುಕೊಂಡಿದ್ದಳು ಸಮ್ರೀನ್. ಹಬ್ಬಕ್ಕೆ ಮುಂಚೆಯೇ ಬೀಬಮ್ಮ ಹೋಗಿಬಿಟ್ಟರು.

ನಾನು ಅವ್ವನನ್ನು ಕರೆದುಕೊಂಡು ಹೋದೆ. ಪಾಲಹಳ್ಳಿಯಿಂದ ಹೆಂಗಸರು ಒಂದು ಆಟೋ ತುಂಬ ಬಂದಿದ್ದರು. ಬಿಳಿ ಬಟ್ಟೆ ಸರಿಸಿ ಕೊನೆಯ ಸಲ ಮುಖ ತೋರಿಸಿದರು. ಸಮ್ರೀನ್ ರೆಪ್ಪೆ ಬಡಿಯದೆ ನೋಡಿದಳು. ಬಿಳಿ ಬಟ್ಟೆಗೆ ಎಷ್ಟು ಏರಿಸಬೇಕು ಅನ್ನುವುದು ಅವಳ ಹೆಬ್ಬೆರಳಿಗೆ ಚೆನ್ನಾಗಿ ಗೊತ್ತಿತ್ತು. ಫೋನು ಅವಳ ಕೈಯಲ್ಲೇ ಇತ್ತು. ಎತ್ತಲಿಲ್ಲ. ಒಂದೇ ಕಿತ ಎಂದಿದ್ದರಲ್ಲ.

ಕೆಲವು ವಾರ ಕಳೆದು ನಮ್ಮ ಮನೆಗೆ ಬಂದಾಗ ಆ ಫೋಟೊವನ್ನು ಫೋನಿನಲ್ಲಿ ಅವ್ವನಿಗೆ ತೋರಿಸಿದಳು. ನನ್ನವ್ವ ಸಿದ್ದಲಿಂಗಮ್ಮ ಕನ್ನಡಕ ಹುಡುಕಲೂ ಇಲ್ಲ, ನೋಡಿದವಳೇ ಅಳಲು ಶುರುಮಾಡಿದಳು.

"ಅಯ್ಯೋ, ನಮ್ಮ ಬೀಬಮ್ಮನ ಕೈ! ಈ ಕೈಲೇ ಕಣವ್ವ ನನ್ನ ಮದ್ವೆ ಬಳೆ ತೊಡ್ಸಿದ್ದು. ಇದರದ್ದೊಂದು ಪ್ರಿಂಟು ಹಾಕ್ಸಿಕೊಡವ್ವ."

ನಿಜಕ್ಕೂ ಮಡಿಲ ನೆರಳಿನಲ್ಲಿದ್ದ ಕೈಗಳು ಸೊಗಸಾಗಿ ಬಂದಿದ್ದವು. ಗಾಜು ಗೀರಿದ ಹಳೆಯ ಗುರುತುಗಳು, ಉಬ್ಬಿದ ನರ, ಸವೆದ ಉಗುರು, ಎಲ್ಲವೂ. ಅವಳಿಗೆ ಸಮಾಧಾನವಾಗಲಿ ಅಂತ ನಾನೂ ದನಿಗೂಡಿಸಿದೆ. "ನೋಡೆ, ಕೈ ನೋಡೇ ಗುರುತು ಹಿಡಿದ್ಲು ನಮ್ಮವ್ವ. ನೀನು ಸುಮ್ನೆ ಕೊರಗ್ತಾ ಇದ್ದೆ."

ಸಮ್ರೀನ್ ಅವ್ವನ ಕೈಯಿಂದ ಫೋನು ತೆಗೆದುಕೊಂಡಳು. ಮುಖವಿರಬೇಕಾದ ಬಿಳಿಯ ಮೇಲೆ ಹೆಬ್ಬೆರಳಿಟ್ಟಳು.

"ಕೈನ ಊರಿಗೆಲ್ಲ ಕೊಟ್ಟಿದ್ಲು ಕಣೆ ದಾದಿ" ಎಂದಳು. "ಮುಖ ನಂಗೊಬ್ಳಿಗೇ ಕೊಟ್ಟಿದ್ದು."