ಪೆನ್‌ಡ್ರೈವಿನಲ್ಲಿದ್ದ ಅರ್ಧ ಎಕರೆ

ದಾನಮ್ಮನಿಗೆ ಐವತ್ತಾರು ವರ್ಷ. ಇಳಕಲ್ಲಿನ ಕಡೆಯವಳು, ಬೆಂಗಳೂರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಮರಿಯಪ್ಪನವರ ಮೂರು ಜೆರಾಕ್ಸ್ ಅಂಗಡಿಗಳಲ್ಲೂ ಕನ್ನಡ ಟೈಪಿಂಗ್ ಅವಳದೇ. ಬೆಳಿಗ್ಗೆ ಕುರುಬರಹಳ್ಳಿ, ಮಧ್ಯಾಹ್ನ ಬಸವೇಶ್ವರನಗರ, ಸಂಜೆ ಚಂದ್ರಾ ಲೇಔಟ್. ಬಾಡಿಗೆ ಕರಾರು, ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಎಲ್ಲವೂ ಅವಳು ಕೊರಳಿಗೆ ದಾರ ಕಟ್ಟಿ ಹಾಕಿಕೊಂಡಿದ್ದ ಒಂದೇ ಪೆನ್‌ಡ್ರೈವಿನಲ್ಲಿ. ಅದರೊಳಗೆ ಯಾರಿಗೂ ಹೇಳದೆ ಇಟ್ಟುಕೊಂಡ ಒಂದು ಆಟವೂ ಇತ್ತು.

ಪ್ರಾಜೆಕ್ಟ್ ರಿಪೋರ್ಟ್ ಮಾಡಿಸಲು ಬಂದಿದ್ದ ಯಶ್ವಂತ್ ಎಂಬ ವಿದ್ಯಾರ್ಥಿ ಅದನ್ನು ಹಾಕಿಕೊಟ್ಟಿದ್ದ. "ಇನ್‌ಸ್ಟಾಲ್ ಮಾಡೋದೇ ಬೇಡ ಆಂಟಿ. ಯಾವ ಸಿಸ್ಟಮ್‌ಗಾದ್ರೂ ಚುಚ್ಚಿ, ಆಡಿ, ಕಿತ್ಕೊಳಿ. ಓನರ್‌ಗೆ ಗೊತ್ತೇ ಆಗಲ್ಲ."

ಆಟವೆಂದರೆ ಇಂಟರ್‌ನೆಟ್ಟಿನಲ್ಲಿರುವ ಒಂದು ಊರು. ಆಡುವವರಿಗೆಲ್ಲ ಅರ್ಧರ್ಧ ಎಕರೆ. ದಿನಕ್ಕೊಮ್ಮೆ ನೀರು ಹಾಯಿಸಬೇಕು. ನಾವು ಬಾರದ ದಿನ ಪಕ್ಕದ ಹೊಲದವರು ಹಾಯಿಸಬಹುದು. ದಾನಮ್ಮ ಜೋಳ ಹಾಕಿದ್ದಳು. ಪಕ್ಕದವರು ಅಲ್ಲಿ ಇಟ್ಟುಕೊಂಡ ಹೆಸರು ಹೊಂಗೆಮರ. ಗಂಡೋ ಹೆಣ್ಣೋ, ಯಾವ ಊರೋ, ಅವಳು ಕೇಳಿರಲಿಲ್ಲ. ಕೇಳುವುದು ಅವಳ ಜಾಯಮಾನವಲ್ಲ. ಗಂಡ ಬಿಟ್ಟು ಹೊರಟಾಗಲೂ ಎಲ್ಲಿಗೆ ಎಂದು ಕೇಳಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ, ಬಸವೇಶ್ವರನಗರದ ಅಂಗಡಿಯ ಷಟರ್ ಅರ್ಧ ಇಳಿದಾಗ, ತೆರೆಯ ಮೇಲೆ ಒಂದು ಸಾಲು ಬರುತ್ತಿತ್ತು: "ಊಟ ಆಯ್ತಾ?" ಆಟ ಶುರು ಮಾಡಿದ ಈ ನಾಲ್ಕು ವರ್ಷಗಳಲ್ಲಿ ಆ ಮಾತನ್ನು ಅವಳಿಗೆ ಬೇರೆ ಯಾರೂ ಕೇಳಿರಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಮರಿಯಪ್ಪ ಹೇಳಿದರು: "ಕಸ್ಟಮರ್ ಪೆನ್‌ಡ್ರೈವಿಂದ ವೈರಸ್ ಬಂದು ಎರಡು ಸಿಸ್ಟಮ್ ಮಲಗ್ಬಿಟ್ಟಿದೆ ಕಣಮ್ಮ. ಸೋಮವಾರದಿಂದ ಮೂರು ಅಂಗಡೀಲೂ ಯುಎಸ್‌ಬಿ ಬಂದ್. ನಿನ್ ಫೈಲೆಲ್ಲ ಒಳಗಾಕ್ಬಿಡು."

"ಆಗ್ಲಿ ತಗೋರಿ" ಎಂದಳು. ಅವಳಲ್ಲಿದ್ದುದು ಗುಂಡಿ ಒತ್ತುವ ಹಳೆಯ ಫೋನು. ಅದರಲ್ಲಿ ಆ ಹೊಲ ತೆರೆಯುವಂತಿರಲಿಲ್ಲ.

ಎರಡು ಗಂಟೆಗೆ, ಇನ್ನು ಮುಂದೆ ಬರಲಾಗದು ಎಂದು ಹೊಂಗೆಮರಕ್ಕೆ ಬರೆದು ತನ್ನ ಫೋನ್ ನಂಬರ್ ಹೊಡೆದಳು. ಆಟದಲ್ಲಿ ನಂಬರ್ ಕೊಡಲು ಬಿಡುವುದಿಲ್ಲ; ಅಂಕಿಗಳ ಜಾಗದಲ್ಲಿ ಹತ್ತು ಚುಕ್ಕಿ ಮೂಡಿದವು. ದಾನಮ್ಮ ತಡವರಿಸಲಿಲ್ಲ. ಬಾಡಿಗೆ ಕರಾರಿನಲ್ಲಿ ಅಡ್ವಾನ್ಸಿನ ಮೊತ್ತ ಬರೆಯುವ ಹಾಗೆ ಅಕ್ಷರದಲ್ಲಿ ಹೊಡೆದಳು: ಒಂಬತ್ತು, ನಾಲ್ಕು, ನಾಲ್ಕು... ಅದು ಹೋಯಿತು.

ಹೊಂಗೆಮರದ ಉತ್ತರ ಬಂತು: "ಬರ್ಕೊಂಡೆ. ನನ್ನ ನಂಬರ್ ಬೇಡ್ವಾ?"

"ನೀವೇ ಮಾಡ್ರಿ" ಎಂದು ಬರೆದು ಪೆನ್‌ಡ್ರೈವ್ ಕಿತ್ತುಕೊಂಡಳು.

ಹನ್ನೆರಡು ದಿನ ಕಳೆಯಿತು. ಗ್ಯಾಸಿನವನು ಒಮ್ಮೆ, ಸಾಲ ಬೇಕೇ ಎನ್ನುವವರು ಐದು ಸಲ ಫೋನ್ ಮಾಡಿದರು. ಎರಡು ಗಂಟೆಯ ಹೊತ್ತಿಗೆ ಅವಳು ಫೋನನ್ನು ಊಟದ ಡಬ್ಬಿಯ ಪಕ್ಕ ಇಟ್ಟುಕೊಳ್ಳುತ್ತಿದ್ದಳು. ಅದು ಸುಮ್ಮನಿರುತ್ತಿತ್ತು. ನೀರಿಲ್ಲದೆ ಜೋಳ ಯಾವತ್ತೋ ಒಣಗಿರಬೇಕು ಎಂದುಕೊಂಡಳು.

ಹದಿಮೂರನೆಯ ದಿನ ಬಸವೇಶ್ವರನಗರದ ಅಂಗಡಿಗೆ ಬಂದಿದ್ದ ಮರಿಯಪ್ಪನವರ ಮುಂದೆ ನಿಂತಳು. "ಹತ್ತು ನಿಮಿಷ ಯುಎಸ್‌ಬಿ ತೆಗೆದು ಕೊಡ್ರಿ."

"ಯಾವ್ ಫೈಲ್ ಬಿಟ್ಟೋಯ್ತು?"

"ಫೈಲಲ್ಲ. ಆಟ ಆಡಬೇಕು."

ಮರಿಯಪ್ಪ ಕನ್ನಡಕ ತೆಗೆದು ಅವಳನ್ನು ನೋಡಿದರು. "ನೀನಾ?"

"ನಾನೇ."

"ನನ್ ಮೊಮ್ಮಗಳು ಒಬ್ಬಳಿಗೇ ಈ ಹುಚ್ಚು ಅಂದ್ಕೊಂಡಿದ್ದೆ. ಹತ್ತೇ ನಿಮಿಷ, ನೋಡು." ಕೀಬೋರ್ಡಿಗೆ ಅಂಗೈ ಅಡ್ಡ ಹಿಡಿದು ಪಾಸ್‌ವರ್ಡ್ ಒತ್ತಿದರು.

ಹೊಲ ತೆರೆದುಕೊಂಡಿತು. ಜೋಳ ತೆನೆ ಕಟ್ಟಿ ನಿಂತಿತ್ತು. ಕೆಳಗೆ ನೀರು ಹಾಯಿಸಿದವರ ಪಟ್ಟಿ: ಹೊಂಗೆಮರ, ಹೊಂಗೆಮರ, ಹನ್ನೆರಡು ಸಲ, ಎಲ್ಲವೂ ಎರಡು ಗಂಟೆಗೆ. ಒಂದು ಸಾಲೂ ಮಾತಿರಲಿಲ್ಲ.

ನಂಬರ್ ಕೈಯಲ್ಲಿದ್ದೂ ಫೋನ್ ಮಾಡದೆ, ದಿನವೂ ಬಂದು ನೀರು ಹಾಯಿಸಿ ಹೋದ ಮನುಷ್ಯ. ಅಂಥವರು ದಾನಮ್ಮನಿಗೆ ಹೊಸಬರಲ್ಲ. ತಾನಾಗಿದ್ದರೂ ಅಷ್ಟೇ ಮಾಡುತ್ತಿದ್ದಳು.

ಎರಡಕ್ಕೆ ಇನ್ನು ಮೂರು ನಿಮಿಷವಿತ್ತು. ಅವಳು ಕುರ್ಚಿ ಮುಂದಕ್ಕೆಳೆದು ಹೊಡೆದಳು: "ಊಟ ಆಯ್ತಾ? ನಿಮ್ಮ ನಂಬರ್ ಕೊಡ್ರಿ. ಅಕ್ಷರದಲ್ಲಿ."