ಭೀಮಶಿಯ ಸಮುದ್ರದಲ್ಲಿ ಮೂರು ಬಸವನಹುಳು

ಗೋಕಾಕದ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಭೀಮಶಿಯ ಮೀನಿನ ಅಂಗಡಿ ಇದೆ. ತಿನ್ನುವ ಮೀನಲ್ಲ, ನೋಡುವ ಮೀನು! ಕುಲಗೋಡದ ಕುರಿಗಾರರ ಮನೆಯಲ್ಲಿ ಹುಟ್ಟಿದ ಭೀಮಶಿ ಸಮುದ್ರ ನೋಡಿದ್ದು ಒಂದೇ ಸಲ, ಅದೂ ಶಾಲೆಯ ಟ್ರಿಪ್ಪಿನಲ್ಲಿ. ಅಂಥವನು ನಾಲ್ಕಡಿ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ಕಲಸಿ, ಹವಳ ಬೆಳೆಸಿ, ಅಂಗಡಿಯೊಳಗೇ ಒಂದು ಪುಟ್ಟ ಸಮುದ್ರ ಎಬ್ಬಿಸಿದ್ದಾನೆ ಎಂದರೆ ನಂಬಲೇಬೇಕು.

ಹುಕ್ಕೇರಿಯ ಹಲ್ಲಿನ ಡಾಕ್ಟರು ಸಂಘಮಿತ್ರಾಗೆ ತಮ್ಮ ದವಾಖಾನೆಗೂ ಇಂಥದ್ದೊಂದು ಬೇಕಿತ್ತು, ಹೆದರಿ ಅಳುವ ಮಕ್ಕಳು ನೋಡುತ್ತ ಕೂರಲಿ ಎಂದು. ಭೀಮಶಿಯ ಪಾಲಿಗೆ ಸಮುದ್ರ ಕೊಳ್ಳಲು ಬಂದ ಮೊದಲ ಗಿರಾಕಿ ಅವರೇ. ಆದರೆ ಅವರು ನೋಡಲು ಬಂದ ದಿನವೇ ಒಂದು ಏಡಿ ಬಸವನಹುಳುವನ್ನು ಚಿಪ್ಪಿನಿಂದ ಎಳೆದೆಳೆದು ತಿನ್ನುತ್ತಿತ್ತು! ತೊಟ್ಟಿಗೆ ಬಿಟ್ಟ ಎಂಟು ಹುಳುಗಳಲ್ಲಿ ಹೀಗೆ ಏಡಿಯ ಪಾಲಾದದ್ದು ಅದು ಐದನೆಯದು.

“ಇದನ್ನ ನೋಡಿದ ಮಕ್ಕಳು ನನ್ನ ಮುಂದ ಬಾಯಿ ತಗೀತಾವೇನ್ರಿ?” ಎಂದರು ಡಾಕ್ಟರು. “ತಿಂಗಳು ಬಿಟ್ಟು ಬರ್ತೀನಿ. ಉಳದ ಮೂರೂ ಹುಳ ಜೀವಂತ ಇದ್ರ ಖರೇನ ಒಯ್ತೀನಿ. ಇಲ್ಲಂದ್ರ ಗ್ವಾಡಿಗೆ ಮೀನಿನ ಚಿತ್ರ ಬರಸ್ತೀನಿ, ಅಷ್ಟ.”

ಏಡಿಗಳನ್ನು ತೆಗೆದು ಎಸೆ ಎಂದು ಎಲ್ಲರೂ ಹೇಳಿದರು. ಭೀಮಶಿಗೆ ಮನಸ್ಸಾಗಲಿಲ್ಲ. ಖಾಲಿ ಚಿಪ್ಪಿನಲ್ಲಿ ಸಂಸಾರ ಹೂಡುವ ಆ ನಾಲ್ಕು ಸನ್ಯಾಸಿ ಏಡಿಗಳನ್ನು ತಂದದ್ದೇ ಪಾಚಿ ತಿಂದು ಹವಳ ಕಾಯಲಿ ಎಂದು.

ಭಾನುವಾರ ತಾಯಿ ಸತ್ತೆವ್ವ ರೊಟ್ಟಿಗಂಟು ಹಿಡಿದು ಕುಲಗೋಡದ ಬಸ್ಸಿನಿಂದ ಇಳಿದಳು. ಮಗನ ಮುಖ ನೋಡಿದಳು, ತೊಟ್ಟಿ ನೋಡಿದಳು.

“ಈ ಏಡಿಗೋಳಿಗೆ ಮೇವು ಏನ್ ಹಾಕ್ತಿ?”

“ಏನೂ ಹಾಕಂಗಿಲ್ಲ ಯವ್ವಾ. ಹಸದ್ರ ಪಾಚಿ ಚೊಲೋ ಮೇಯ್ತಾವ. ಕೊಯ್ದ ಹೊಲದಾಗ ಕುರಿ ಬಿಟ್ಟು ಮತ್ತ ಕಾಳು ಸುರೀತೀವೇನು?”

“ಭಾಳ ಶಾಣ್ಯಾ ನನ ಮಗ! ಪಾಚಿ ಎಲ್ಲೈತಿ, ತೋರ್ಸು. ಗಾಜಿನ್ಯಾಗ ಮಾರಿ ನೋಡ್ಕೊಂಡು ಕುಂಕುಮ ಹಚ್ಕೋಬಹುದು. ಹೊಲ ಬೋಳಾದ್ರ ನಿಮ್ಮಪ್ಪ ಹಟ್ಟಿ ಕಿತ್ತು ಮುಂದ ಹೋಗ್ತಿದ್ದ. ಇವು ಎಲ್ಲಿ ಹೋಗಬೇಕು, ಗಾಜು ಒಡ್ಕೊಂಡು?”

ಹಸಿವಿಗೇ ಏಡಿಗಳು ಹುಳು ತಿಂದಿದ್ದವೆಂದು ಭೀಮಶಿಗೆ ಆಗ ಹೊಳೆಯಿತು. ಹುಟ್ಟಿನಿಂದ ಕುರಿ ಕಂಡವನು, ಮೇಯಿಸುವುದು ನೆನಪಿಟ್ಟು ಹಟ್ಟಿ ಕೀಳುವುದನ್ನೇ ಮರೆತಿದ್ದ!

ಸತ್ತೆವ್ವ ಇನ್ನೂ ಬಗ್ಗಿ ನೋಡುತ್ತಿದ್ದಳು. “ಈ ದೊಡ್ಡ ಏಡಿಗೆ ಚಿಪ್ಪಿನ ಅಂಗಿ ಬ್ಯಾರೆ ಬಿಗಿ ಆಗೈತಿ. ಅರ್ಧ ಮೈ ಹೊರಗ ಐತಿ ಪಾಪ.”

ಆಗ ಭೀಮಶಿಗೆ ಬಿಸ್ಕೀಟಿನ ಡಬ್ಬಿ ನೆನಪಾಯಿತು. ಹುಳು ಸತ್ತಾಗಲೆಲ್ಲ ಸ್ವಚ್ಛ ಇರಲೆಂದು ಅದರ ಚಿಪ್ಪನ್ನು ತಕ್ಷಣ ತೆಗೆದು ಆ ಡಬ್ಬಿಯಲ್ಲಿ ಇಡುತ್ತಿದ್ದ. ಏಡಿಗೆ ಬೇಕಾದ ಖಾಲಿ ಮನೆಗಳನ್ನೆಲ್ಲ ತಾನೇ ಬಾಚಿ ಇಟ್ಟಿದ್ದ! ಮೂರು ಚಿಪ್ಪು ತಿರುಗಿ ಒಳಗೆ ಬಿಟ್ಟ. ದೊಡ್ಡವೆರಡನ್ನು ಸತ್ತೆವ್ವ ತಡೆದಳು: “ಇವು ಇರ್ಲಿ. ನಾಳೆ ಬೆಳದಾಗ ಬೇಕಾಗ್ತಾವ.”

ದೊಡ್ಡ ಏಡಿ ಬಂತು. ಒಂದು ಚಿಪ್ಪನ್ನು ಉರುಳಿಸಿತು, ಒಳಗೆ ಕಾಲು ಹಾಕಿ ಅಳೆಯಿತು, ಬಿಟ್ಟಿತು, ಮತ್ತೆ ಬಂತು.

“ಪ್ಯಾಟ್ಯಾಗ ಸೀರಿ ನೋಡ್ದಂಗ ನೋಡ್ತೈತಲ್ಲೋ!” ಎಂದು ಸತ್ತೆವ್ವ ಹೇಳುವಷ್ಟರಲ್ಲಿ ಅದು ಹಳೆಯದರಿಂದ ಜಿಗಿದು ಹೊಸದರಲ್ಲಿ ಕೂತುಬಿಟ್ಟಿತ್ತು.

ಅಂದಿನಿಂದ ಎರಡು ದಿನಕ್ಕೊಮ್ಮೆ ಚೂರು ಸಿಗಡಿ ಒಳಗೆ ಬಿತ್ತು. ಅಪ್ಪ ಕುರಿ ಎಣಿಸುತ್ತಿದ್ದ ಹಾಗೆ ಭೀಮಶಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹುಳು ಎಣಿಸಿದ. ಮೂರು. ಮೂರು. ಮೂರು.

ತಿಂಗಳಿಗೆ ಸರಿಯಾಗಿ ಡಾಕ್ಟರು ಬಂದರು. ಎಣಿಸಿದರು. “ಎರಡು. ಮೂರನೇದು ಎಲ್ರಿ?”

ಭೀಮಶಿ ತೊಟ್ಟಿಗೆ ಬಗ್ಗಿದ. ಕಲ್ಲಿನ ಹಿಂದೆ ನೋಡಿದ, ಹವಳದ ಬುಡದಲ್ಲಿ ನೋಡಿದ. ಇಲ್ಲ. ಕೊನೆಗೆ ಮುಚ್ಚಳ ಎತ್ತಿದರೆ, ಮಹಾರಾಯ ಬಸವನಹುಳು ನೀರಿಗಿಂತ ಮೇಲೆ, ಗಾಜಿನ ಅಂಚಿಗೆ ಅಂಟಿಕೊಂಡು ಮಲಗಿದೆ!

ಡಾಕ್ಟರು ನಕ್ಕರು. “ಹಂಗಾರ ಏಡಿ ಇಟ್ರ ಏನೂ ಕಾಳಜಿ ಇಲ್ಲ ಅಂತೀರೇನು?”

ಹೂಂ ಅಂದುಬಿಡಬಹುದಿತ್ತು. ಭೀಮಶಿ ಅನ್ನಲಿಲ್ಲ. “ಹಂಗ ಹೇಳಾಕ ಬರಂಗಿಲ್ರಿ ಅಕ್ಕಾರ. ಹೊಟ್ಟಿ ತುಂಬಿರಬೇಕು, ಖಾಲಿ ಮನಿ ಇರಬೇಕು. ಅಷ್ಟಿದ್ರೂ ಒಂದೊಂದು ಕಳ್ಳ ಬುದ್ಧಿದು ಇರ್ತೈತಿ. ದಿನಾ ಎಣಸಬೇಕ್ರಿ. ಆಗಂಗಿಲ್ಲ ಅಂದ್ರ ಏಡಿ ಬಿಟ್ಟು ಬರೇ ಮೀನು ಹಾಕಿ ಕೊಡ್ತೇನಿ.”

“ಎಣಸಾಕ ನನ್ನ ಬಾಗಲಾಗ ಮಕ್ಕಳು ಸಾಲಾಗಿ ಕುಂತಿರ್ತಾವ್ರಿ. ಅಳೂದಕ್ಕಿಂತ ಎಣಸೂದು ಚೊಲೋ. ಯಾವಾಗ ತರ್ತೀರಿ?”

ಭೀಮಶಿ ಉತ್ತರ ಕೊಡುವ ಮೊದಲು ಬಿಸ್ಕೀಟಿನ ಡಬ್ಬಿ ತೆರೆದ. ಆ ದೊಡ್ಡ ಚಿಪ್ಪುಗಳೆರಡನ್ನೂ ಅವರ ಅಂಗೈಯಲ್ಲಿಟ್ಟ.

“ಮೊದಲ ಇವನ್ನ ಒಯ್ದು ಇಡ್ರಿ. ಏಡಿ ಬೆಳೀತಾವ.”